ಕಾಫಿಯ ಎಲೆತುಕ್ಕು ರೋಗದ ಚರಿತ್ರೆ: ಅದರ ರಚನಾಕ್ರಮದ ವಿಮರ್ಶೆ

ಸಸ್ಯರೋಗಗಳ ಚರಿತ್ರೆಯನ್ನು ವಿಜ್ಞಾನಿಗಳಲ್ಲದ ಓದುಗರೂ ಆಸಕ್ತಿಯಿಂದ ಓದುವಂತೆ ಬರೆದ ಗ್ರಂಥಗಳು ವಿರಳ. ಅವುಗಳಲ್ಲಿ ಇ. ಸಿ. ಲಾರ್ಜ್ ಅವರ ‘ದಿ ಅಡ್ವಾನ್ಸ್ ಆಫ್ ದಿ ಫಂಗೈ’ ಎಂಬುದಕ್ಕೆ ಇಂದಿಗೂ ಗೌರವದ ಸ್ಥಾನವುಂಟು. ೧೯೪೦ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಗ್ರಂಥ ೧೮೪೫ರ ಆಲೂಗೆಡ್ಡೆಯ ಅಂಗಮಾರಿಯಿಂದ ಮೊದಲ್ಗೊಂಡು ದ್ರಾಕ್ಷಿಯ ಬೂದಿರೋಗ, ಬೋರ್ಡೋ ದ್ರಾವಣದ ಶೋಧ, ಸಿಂಹಳದ ಕಾಫಿಯ ತುಕ್ಕು, ಗೋಧಿಯ ತುಕ್ಕು ಇವುಗಳ ವೃತ್ತಾಂತವನ್ನು ಒಂದೇ ಓಟದಲ್ಲಿ ಹೇಳುತ್ತದೆ. ಲಾರ್ಜ್ ಅವರು ಮೊದಲು ಎಂಜಿನಿಯರರು, ಕಾದಂಬರಿಕಾರರು. ಸಸ್ಯರೋಗಶಾಸ್ತ್ರಕ್ಕೆ ಅನಂತರ ಬಂದವರು. ಕಥೆ ಹೇಳುವ ಕಲೆ ಅವರಿಗೆ ಸಿದ್ಧಿಸಿತ್ತು. ವಿಜ್ಞಾನದ ಇತಿಹಾಸವನ್ನು ಬೋಧಿಸುವ ನಮ್ಮಂಥವರು ಈ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗೆ ಕೊಡಲು ಹಿಂದೆಗೆಯಬೇಕಾದ ಕಾರಣವಿಲ್ಲ.

ಆದರೆ ಕೊಡುವಾಗ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗುತ್ತದೆ. ಗ್ರಂಥದ ಹೆಸರೇ ಸೈನ್ಯದ ಮುನ್ನಡೆಯನ್ನು ನೆನಪಿಗೆ ತರುವಂಥದು. ಶಿಲೀಂಧ್ರಗಳು ದಂಡೆತ್ತಿ ಬರುತ್ತವೆ. ಮನುಷ್ಯ ಔಷಧವನ್ನೋ ಹೊಸ ತಳಿಯನ್ನೋ ಹಿಡಿದು ಎದುರಿಸುತ್ತಾನೆ. ಕೆಲವೆಡೆ ಗೆಲ್ಲುತ್ತಾನೆ, ಕೆಲವೆಡೆ ಸೋಲುತ್ತಾನೆ. ಇಂಥ ಕಥನದಲ್ಲಿ ರೋಗಕ್ಕೆ ತೇದಿಯುಂಟು, ಔಷಧಕ್ಕೆ ತೇದಿಯುಂಟು. ಗಿಡದ ನಿರೋಧಶಕ್ತಿಗೆ ಮಾತ್ರ ತೇದಿಯಿಲ್ಲ. ಒಂದು ತಳಿಯನ್ನು ‘ರೋಗನಿರೋಧಕ’ ಎಂದು ಒಮ್ಮೆ ಕರೆದರೆ ಆ ಗುಣ ಅದರ ಎಲೆಯ ಬಣ್ಣದಂತೆ ಅಥವಾ ಬೀಜದ ಗಾತ್ರದಂತೆ ಶಾಶ್ವತವಾಗಿ ಅಂಟಿಕೊಂಡದ್ದೆಂದು ಓದುಗನು ಭಾವಿಸುತ್ತಾನೆ. ಈ ಭಾವನೆ ಲಾರ್ಜ್ ಒಬ್ಬರದಲ್ಲ. ಕೃಷಿಯ ಚರಿತ್ರೆಯನ್ನು ಒಂದೆರಡು ಪುಟಗಳಲ್ಲಿ ಮುಗಿಸುವ ಪಠ್ಯಪುಸ್ತಕಗಳಲ್ಲಿ ಇದು ಇನ್ನೂ ಗಾಢವಾಗಿದೆ. ನಿರೋಧಶಕ್ತಿ ಗಿಡದ ಗುಣವಲ್ಲ, ಗಿಡಕ್ಕೂ ಶಿಲೀಂಧ್ರಕ್ಕೂ ನಡುವೆ ಒಂದು ಕಾಲದಲ್ಲಿ, ಒಂದು ಸ್ಥಳದಲ್ಲಿ ಇರುವ ಸಂಬಂಧ ಎಂಬುದನ್ನೂ, ಆದಕಾರಣ ಅದು ಇತಿಹಾಸಕಾರನ ವ್ಯಾಪ್ತಿಗೆ ಸೇರಿದ ವಿಷಯವೆಂಬುದನ್ನೂ ಕಾಫಿಯ ನಿದರ್ಶನದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಕಾಫಿಯನ್ನು ಆರಿಸಿಕೊಂಡಿರುವುದು ಅಭಿಮಾನದಿಂದಲ್ಲ. ಕಾಫಿಯಲ್ಲಿ ಈ ಸಂಬಂಧದ ಮೊದಲ ಸ್ಪಷ್ಟ ಸಾಕ್ಷ್ಯ ಚಿಕ್ಕಮಗಳೂರು ಸೀಮೆಯ ಬಾಳೆಹೊನ್ನೂರಿನಲ್ಲಿ ದೊರೆತದ್ದು ಅದಕ್ಕೆ ಕಾರಣ.

ಮೊದಲಿಗೆ ಸಿಂಹಳದ ಪ್ರಸಂಗ. ೧೮೬೯ರಲ್ಲಿ ಅಲ್ಲಿನ ಕಾಫಿ ಎಲೆಗಳ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿಯಂಥ ಚುಕ್ಕೆಗಳು ಕಂಡವು. ಪೇರಾದೆನಿಯದ ಸಸ್ಯೋದ್ಯಾನದಿಂದ ಕಳುಹಿಸಿದ ಎಲೆಗಳನ್ನು ಪರೀಕ್ಷಿಸಿ ಬರ್ಕ್ಲಿ ಎಂಬ ಪಾದ್ರಿ ವಿದ್ವಾಂಸರು ಅದೇ ವರ್ಷ ಈ ಶಿಲೀಂಧ್ರಕ್ಕೆ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಹೆಸರಿಟ್ಟರು. ಮೊದಲ ಪದ ಬೀಜಕಣದ ಒಂದು ಪಾರ್ಶ್ವ ನುಣುಪಾಗಿರುವುದನ್ನು ಸೂಚಿಸುತ್ತದೆ. ಎರಡನೆಯದರ ಅರ್ಥ ಹಾಳುಗೆಡಹುವವಳು ಎಂದು. ರೋಗದ ಪೂರ್ಣ ಪರಿಣಾಮ ತಿಳಿಯುವ ಮೊದಲೇ ಹೆಸರು ಅದನ್ನು ನುಡಿದಿತ್ತು. ಬೆಟ್ಟದ ಇಳಿಜಾರುಗಳಲ್ಲಿ ಕಾಡನ್ನು ಸವರಿ, ನೆರಳಿಲ್ಲದೆ, ತೋಟಕ್ಕೆ ತೋಟ ತಾಗಿಕೊಂಡಂತೆ ಒಂದೇ ಬೆಳೆಯನ್ನು ನೆಟ್ಟ ನಾಡು ಅದು. ೧೮೮೦ರಲ್ಲಿ ಬಂದ ಯುವಕ ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್ ಎರಡು ವರ್ಷ ದುಡಿದು, ಬೀಜಕಣಗಳು ಗಾಳಿಯಲ್ಲಿ ಸಾಗುವುದನ್ನೂ, ನೀರಿನ ಹನಿಯಲ್ಲಿ ಮೊಳೆತು ಎಲೆಯ ಪತ್ರರಂಧ್ರದ ಮೂಲಕ ಒಳಹೊಗುವುದನ್ನೂ ತೋರಿಸಿದರು. ಒಳಹೊಕ್ಕ ಮೇಲೆ ಮಾಡಬಹುದಾದ ಚಿಕಿತ್ಸೆಯಿಲ್ಲವೆಂದು ಅವರು ಹೇಳಿದ ಮಾತು ತೋಟಗಾರರಿಗೆ ರುಚಿಸುವಂಥದಾಗಿರಲಿಲ್ಲ. ಫ್ರಾನ್ಸಿನಲ್ಲಿ ಮಿಲಾರ್ದೆ ಅವರು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಪ್ರಕಟಿಸಿದ್ದು ವಾರ್ಡ್ ಸಿಂಹಳವನ್ನು ಬಿಟ್ಟ ಮೂರು ವರ್ಷಗಳ ಮೇಲೆ, ೧೮೮೫ರಲ್ಲಿ.

ಪಠ್ಯಪುಸ್ತಕಗಳ ಕಥೆ ಇಲ್ಲಿಗೆ ನಿಂತುಬಿಡುತ್ತದೆ: ಕಾಫಿ ಸತ್ತಿತು, ಚಹಾ ಬಂದಿತು, ಇಂಗ್ಲೆಂಡು ಚಹಾ ಕುಡಿಯುವ ದೇಶವಾಯಿತು. ಕೊನೆಯ ವಾಕ್ಯವಂತೂ ಶುದ್ಧ ಅಸಂಬದ್ಧ. ಸಿಂಹಳದಲ್ಲಿ ಮೊದಲ ಕಾಫಿ ತೋಟವೇಳುವುದಕ್ಕೆ ಬಹು ಹಿಂದೆಯೇ, ಹದಿನೆಂಟನೆಯ ಶತಮಾನದಲ್ಲಿಯೇ, ಇಂಗ್ಲಿಷರು ಚಹಾದ ದಾಸರಾಗಿದ್ದರು. ಕಾಫಿ ತುಕ್ಕಿನಿಂದಲೇ ಸತ್ತಿತೆಂಬ ಮಾತನ್ನೂ ಸ್ಟುವರ್ಟ್ ಮೆಕ್‌ಕುಕ್ ಅವರು ೨೦೧೯ರಲ್ಲಿ ಪ್ರಕಟಿಸಿದ ‘ಕಾಫಿ ಈಸ್ ನಾಟ್ ಫಾರೆವರ್’ ಎಂಬ ಗ್ರಂಥವನ್ನು ಓದಿದವರು ಹಾಗೆಯೇ ಒಪ್ಪಲಾರರು. ಬ್ರೆಜಿಲಿನ ಫಸಲು ಬೆಳೆದಂತೆ ಬೆಲೆ ಇಳಿಯಿತು. ೧೮೮೪ರಲ್ಲಿ ಓರಿಯಂಟಲ್ ಬ್ಯಾಂಕು ಮುಳುಗಿ ತೋಟಗಳಿಗೆ ಸಾಲ ಹುಟ್ಟದಾಯಿತು. ತುಕ್ಕು ಹಿಡಿದ ಗಿಡ ಒಂದೇ ವರ್ಷದಲ್ಲಿ ಸಾಯುವುದಿಲ್ಲ. ಎಲೆಯುದುರಿ, ರೆಕ್ಕೆ ಒಣಗಿ, ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಹಣವುಳ್ಳವನು ಗೊಬ್ಬರ ಹಾಕಿ ಅದನ್ನು ಉಳಿಸಿಕೊಳ್ಳಬಲ್ಲ, ಇಲ್ಲದವನು ಬಿಟ್ಟುಬಿಡುತ್ತಾನೆ. ಇನ್ನೊಂದು ಸಂಗತಿಯನ್ನು ನಾವು ಇದಕ್ಕಿಂತ ಮುಖ್ಯವೆಂದು ಎಣಿಸುತ್ತೇವೆ. ೧೮೭೦ರ ದಶಕದಲ್ಲಿಯೇ ಸಿಂಹಳದ ತೋಟಗಾರರು ಲೈಬೀರಿಯಾದ ದೊಡ್ಡೆಲೆಯ ಕಾಫಿಯನ್ನು ತರಿಸಿ ನೆಟ್ಟರು. ತುಕ್ಕನ್ನು ತಡೆಯುತ್ತದೆಂಬುದು ಅದರ ಖ್ಯಾತಿ. ಕೆಲಕಾಲದಲ್ಲಿ ಅದಕ್ಕೂ ತುಕ್ಕು ಹಿಡಿಯಿತು. ಜಾವಾದಲ್ಲಿಯೂ ಹಾಗೆಯೇ ಆಯಿತು. ಚರಿತ್ರೆಗಳು ಇದನ್ನು ಒಂದು ವಿಫಲ ಪ್ರಯೋಗವೆಂದು ಒಂದು ವಾಕ್ಯದಲ್ಲಿ ದಾಟುತ್ತವೆ. ವಸ್ತುತಃ ಮುಂದಿನ ನೂರು ವರ್ಷಗಳ ಕಥೆಯ ಮೊದಲ ಅಧ್ಯಾಯ ಅದೇ.

ಸಿಂಹಳದ ಕಾಫಿ ಅಳಿದು ಮೈಸೂರು, ಕೊಡಗುಗಳ ಕಾಫಿ ಉಳಿದದ್ದು ಏಕೆ? ರೋಗವೇನೂ ನಮ್ಮ ಕಡೆಗೆ ಬರದೆ ಇರಲಿಲ್ಲ. ಸಿಂಹಳದಲ್ಲಿ ಕಂಡ ಒಂದೆರಡು ವರ್ಷಗಳಲ್ಲಿಯೇ ಇಲ್ಲಿಗೂ ಬಂದಿತು. ಮರದ ನೆರಳಿನಲ್ಲಿ ಗಿಡ ಬೆಳಸುವ ಪದ್ಧತಿ, ಮುಂಗಾರಿಗೂ ಹೂಮಳೆಗೂ ನಡುವೆ ಬರುವ ದೀರ್ಘವಾದ ಒಣಗಾಲ ಇವು ನೆರವಾದವೆಂಬುದನ್ನು ಒಪ್ಪಬಹುದು. ಆದರೆ ಇದರೊಡನೆ ತಳಿಗಳ ಪರಂಪರೆಯೊಂದು ನಡೆದಿರುವುದನ್ನು ಗಮನಿಸಬೇಕು. ಹಳೆಯ ‘ಚಿಕ್ಸ್’ ತಳಿ ಕಾಂಡಕೊರಕ ಹುಳುವಿಗೂ ತುಕ್ಕಿಗೂ ಈಡಾಗಿ ಮರೆಯಾಯಿತು. ಅದರ ಸ್ಥಾನದಲ್ಲಿ ‘ಕೂರ್ಗ್ಸ್’ ಬಂದಿತು. ಕ್ರಮೇಣ ಅದೂ ತುಕ್ಕಿಗೆ ಸೋತಿತು. ೧೯೧೧ರ ಸುಮಾರಿಗೆ ಮೈಸೂರು ಸಂಸ್ಥಾನದ ಒಂದು ತೋಟದಲ್ಲಿ ಕೆಂಟ್ ಎಂಬ ತೋಟಗಾರರ ಕಣ್ಣಿಗೆ ಸುತ್ತಲಿನ ಗಿಡಗಳು ತುಕ್ಕು ಹಿಡಿದಿರುವಾಗ ಚೊಕ್ಕವಾಗಿದ್ದ ಗಿಡವೊಂದು ಬಿದ್ದಿತು. ಅದರ ಬೀಜದಿಂದ ಬೆಳೆದ ‘ಕೆಂಟ್ಸ್’ ತಳಿ ಮುಂದಿನ ದಶಕದಲ್ಲಿ ತೋಟದಿಂದ ತೋಟಕ್ಕೆ ಹರಡಿ, ಸಮುದ್ರ ದಾಟಿ ಆಫ್ರಿಕಕ್ಕೂ ಹೋಯಿತು. ಕೆಲವು ವರ್ಷಗಳ ತರುವಾಯ ಆ ಗಿಡಗಳ ಎಲೆಯ ಹಿಂದೆಯೂ ಕಿತ್ತಳೆಯ ಪುಡಿ ಕಾಣಿಸಿಕೊಂಡಿತು.

(ಇಲ್ಲಿ ಒಂದು ಮಾತನ್ನು ಸಂದರ್ಭವಶಾತ್ ಹೇಳಬಹುದು. ಕಾಫಿಯ ಮತ್ತೊಂದು ರೋಗವಾದ ಎಲೆಕೊಳೆತಕ್ಕೆ ೧೮೭೬ರಲ್ಲಿ ಕುಕ್ ಎಂಬ ವಿದ್ವಾಂಸರು ಕೊಟ್ಟ ಶಾಸ್ತ್ರೀಯ ನಾಮ ಪೆಲ್ಲಿಕ್ಯುಲೇರಿಯಾ ಕೊಳೆರೋಗ. ನಮ್ಮ ಕೂಲಿಕಾರರ ಬಾಯಿನ ಮಾತು ಹಾಗೆ ಲ್ಯಾಟಿನಿನ ಪಕ್ಕದಲ್ಲಿ ಹೋಗಿ ಕುಳಿತಿತು. ಮಲೆನಾಡಿನ ಜನ ರೋಗಗಳನ್ನು ಹೆಸರಿಟ್ಟು ಬೇರ್ಪಡಿಸುತ್ತಿದ್ದರೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ. ಆದರೂ ಸಸ್ಯರೋಗಶಾಸ್ತ್ರದ ಚರಿತ್ರೆಗಳು ಇವರನ್ನು ಕೂಲಿಯ ಲೆಕ್ಕದಲ್ಲಿ ಮಾತ್ರ ಕಾಣುತ್ತವೆ.)

ಕೆಂಟ್ಸ್ ತಳಿಗೆ ತುಕ್ಕು ಹಿಡಿದಾಗ ಅದಕ್ಕೆ ತೋಟಗಾರರು ಕೊಡಬಹುದಾಗಿದ್ದ ಕಾರಣಗಳು ಎರಡು: ಬೀಜ ಬೆರಕೆಯಾಗಿರಬೇಕು, ಇಲ್ಲವೆ ತಳಿಯೇ ‘ನಿಸ್ಸತ್ವ’ವಾಗಿರಬೇಕು. ಎರಡರಲ್ಲಿಯೂ ಬದಲಾದದ್ದು ಗಿಡ. ಮೈಸೂರು ಸರ್ಕಾರ ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪಿಸಿದ ಕಾಫಿ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ವಿಲ್ಸನ್ ಮೇನ್ ಅವರು ಬೇರೊಂದು ಪ್ರಶ್ನೆಯನ್ನು ಕೇಳಿದರು: ಬದಲಾದದ್ದು ಶಿಲೀಂಧ್ರವಾಗಿರಬಾರದೇಕೆ? ೧೯೩೨ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಚಿಕ್ಕ ಟಿಪ್ಪಣಿ ಕಾಫಿಯ ತುಕ್ಕಿನಲ್ಲಿ ಒಳಬಗೆಗಳಿರುವುದನ್ನು ಮೊದಲ ಬಾರಿಗೆ ಸಾರಿತು. ಮುಂದಿನ ವರ್ಷಗಳಲ್ಲಿ ಅವರು ಅಂಥ ನಾಲ್ಕು ಒಳಬಗೆಗಳನ್ನು ಬೇರ್ಪಡಿಸಿದರು.

ಅವರು ಅನುಸರಿಸಿದ ಕ್ರಮವನ್ನು ಇತಿಹಾಸದ ವಿದ್ಯಾರ್ಥಿ ಸಾವಧಾನವಾಗಿ ಪರಿಶೀಲಿಸಬೇಕು. ಈ ಒಳಬಗೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಬೀಜಕಣಗಳ ಆಕಾರ ಒಂದೇ, ಬಣ್ಣ ಒಂದೇ. ವ್ಯತ್ಯಾಸ ತಿಳಿಯುವುದು ಬೇರೆ ಬೇರೆ ತಳಿಯ ಗಿಡಗಳ ಮೇಲೆ ಅವನ್ನು ಹಾಕಿ, ಯಾವುದರ ಮೇಲೆ ರೋಗ ಹತ್ತುತ್ತದೆ, ಯಾವುದರ ಮೇಲೆ ಹತ್ತುವುದಿಲ್ಲ ಎಂದು ನೋಡಿದಾಗಲೇ. ಶಿಲೀಂಧ್ರಕ್ಕೆ ಗಿಡವೇ ಒರೆಗಲ್ಲು. ತಿರುಗಿಸಿ ಹೇಳುವುದಾದರೆ, ಎರಡು ಗಿಡಗಳು ನಿರೋಧದಲ್ಲಿ ಬೇರೆಯೆಂದು ತಿಳಿಯುವುದಕ್ಕೂ ಶಿಲೀಂಧ್ರವೇ ಒರೆಗಲ್ಲಾಗಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ವರ್ಣಿಸುವಂತಿಲ್ಲ. ‘ಕೆಂಟ್ಸ್ ನಿರೋಧಕ ತಳಿ’ ಎಂಬ ವಾಕ್ಯ ಅಪೂರ್ಣ. ಯಾವ ಒಳಬಗೆಗೆ ಎಂದು ಸೇರಿಸಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಒಂದು ಶಾಸನದ ಲಿಪಿಯನ್ನು ಮತ್ತೊಂದು ಶಾಸನದ ಲಿಪಿಯೊಡನೆ ಹೋಲಿಸಿ ಕಾಲನಿರ್ಣಯ ಮಾಡುವ ನಮ್ಮ ಕೆಲಸಕ್ಕೂ ಇದಕ್ಕೂ ಇರುವ ಸಾದೃಶ್ಯ ಓದುಗರಿಗೆ ತಾನಾಗಿಯೇ ಹೊಳೆದೀತು.

ಮೇನ್ ಅವರ ವಿಚಾರ ಶೂನ್ಯದಿಂದ ಹುಟ್ಟಿದ್ದಲ್ಲ. ಅದರ ಎಳೆಯನ್ನು ಹಿಂದಕ್ಕೆ ಎಳೆದರೆ ಸಿಂಹಳದ ವಾರ್ಡ್ ಅವರಲ್ಲಿಗೇ ಹೋಗಿ ತಲಪುತ್ತೇವೆ. ಅವರು ೧೮೯೫ರಲ್ಲಿ ಕೇಂಬ್ರಿಜಿನಲ್ಲಿ ಪ್ರಾಧ್ಯಾಪಕರಾದ ಮೇಲೆ ಬ್ರೋಮ್ ಎಂಬ ಹುಲ್ಲಿನ ತುಕ್ಕನ್ನು ಅಭ್ಯಸಿಸಿ, ಗಿಡ ರೋಗವನ್ನು ತಡೆಯುವುದು ಎಲೆಯ ರೋಮದಿಂದಾಗಲಿ ಪತ್ರರಂಧ್ರದ ಅಳತೆಯಿಂದಾಗಲಿ ಅಲ್ಲ, ಜೀವಕೋಶದ ಒಳಗಿನ ಯಾವುದೋ ವ್ಯಾಪಾರದಿಂದ ಎಂದು ನಿರ್ಣಯಿಸಿದರು. ಅದೇ ಕೇಂಬ್ರಿಜಿನಲ್ಲಿ ೧೯೦೫ರಲ್ಲಿ ಬಿಫೆನ್ ಅವರು ಗೋಧಿಯಲ್ಲಿ ಹಳದಿ ತುಕ್ಕಿನ ನಿರೋಧ ಮೆಂಡೆಲರ ನಿಯಮದಂತೆ ತಂದೆತಾಯಿಗಳಿಂದ ಸಂತತಿಗೆ ಇಳಿದುಬರುವುದನ್ನು ತೋರಿಸಿದರು. ತಳಿಯನ್ನು ಬೇಕಾದಂತೆ ಕಟ್ಟಬಹುದೆಂಬ ಭರವಸೆ ಹುಟ್ಟಿದ್ದು ಆಗ. ಗೋಧಿಯ ಕರಿತುಕ್ಕಿನಲ್ಲಿ ಒಳಬಗೆಗಳಿರುವುದನ್ನು ಅಮೆರಿಕದ ಸ್ಟೇಕ್‌ಮನ್ ಮತ್ತು ಅವರ ಸಂಗಡಿಗರು ತೋರಿಸಿ ಆ ಭರವಸೆಗೆ ಮಿತಿ ಹಾಕಿದರು. ೧೯೪೦ರ ದಶಕದಲ್ಲಿ ಫ್ಲೋರ್ ಅವರು ಉತ್ತರ ಡಕೋಟಾದಲ್ಲಿ ಅಗಸೆಯನ್ನೂ ಅದರ ತುಕ್ಕನ್ನೂ ಒಟ್ಟೊಟ್ಟಿಗೆ ಸಂಕರಗೊಳಿಸಿ ನೋಡಿದರು. ಗಿಡದಲ್ಲಿ ನಿರೋಧದ ಒಂದೊಂದು ವಂಶವಾಹಿಗೂ ಎದುರಾಗಿ ಶಿಲೀಂಧ್ರದಲ್ಲಿ ಒಂದೊಂದು ವಂಶವಾಹಿ ಇರುವುದೆಂದು ಅವರು ಕಂಡುಕೊಂಡ ತತ್ತ್ವ ಸಸ್ಯರೋಗಶಾಸ್ತ್ರದ ಮೂಲಸೂತ್ರಗಳಲ್ಲಿ ಒಂದಾಯಿತು. ಕಾಫಿಗೆ ಈ ತತ್ತ್ವ ಅನ್ವಯಿಸುವುದೆಂದು ಪೋರ್ಚುಗಲ್ಲಿನ ಒಯೈರಾಸ್ ಎಂಬಲ್ಲಿ ೧೯೫೫ರಲ್ಲಿ ಏರ್ಪಟ್ಟ ತುಕ್ಕಿನ ಸಂಶೋಧನ ಕೇಂದ್ರದ ನೊರೊನ್ಯಾ-ವಾಗ್ನರ್ ಮತ್ತು ಬೆಟೆಂಕೂರ್ ೧೯೬೭ರಲ್ಲಿ ತೋರಿಸಿದರು. ಕಾಫಿಯನ್ನು ಬೆಳೆಯದ ದೇಶವೇ ಇದಕ್ಕೆ ತಕ್ಕ ಸ್ಥಳ. ಜಗತ್ತಿನ ಎಲ್ಲ ಕಡೆಯ ತುಕ್ಕನ್ನು ತರಿಸಿಟ್ಟುಕೊಂಡರೂ ಅಲ್ಲಿ ಹೊತ್ತಿಕೊಳ್ಳಲು ತೋಟವಿಲ್ಲ. ಆ ಕೇಂದ್ರ ಇದುವರೆಗೆ ಐವತ್ತಕ್ಕೂ ಹೆಚ್ಚು ಒಳಬಗೆಗಳನ್ನೂ, ಕಾಫಿಯಲ್ಲಿ ಎಸ್‌ಎಚ್ ೧ರಿಂದ ೯ರವರೆಗಿನ ನಿರೋಧಾಂಶಗಳನ್ನೂ ಗುರುತಿಸಿದೆ.

ಜೀವಕೋಶದೊಳಗೆ ನಡೆಯುವುದೇನು ಎಂಬುದು ಕಳೆದ ಮೂವತ್ತು ವರ್ಷಗಳಲ್ಲಿ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಗಿಡಕ್ಕೆ ನಮ್ಮಂತೆ ರಕ್ತದಲ್ಲಿ ಹರಿಯುವ ರಕ್ಷಕ ಕಣಗಳಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಬಾಗಿಲನ್ನು ತಾನೇ ಕಾಯಬೇಕು. ಹೊರಪೊರೆಯಲ್ಲಿರುವ ಗ್ರಾಹಕಗಳು ಶಿಲೀಂಧ್ರಗಳಿಗೆಲ್ಲ ಸಾಮಾನ್ಯವಾದ ದ್ರವ್ಯಗಳನ್ನು ಗುರುತಿಸಿ ರಕ್ಷಣೆಯನ್ನು ಎಚ್ಚರಿಸುತ್ತವೆ. ಇದು ಮೊದಲ ಸುತ್ತು. ಹೊಂದಿಕೊಂಡ ಶಿಲೀಂಧ್ರ ಸಣ್ಣ ಸಣ್ಣ ಪ್ರೋಟೀನುಗಳನ್ನು ಜೀವಕೋಶದೊಳಕ್ಕೆ ಬಿಟ್ಟು ಆ ಎಚ್ಚರವನ್ನು ಅಡಗಿಸುತ್ತದೆ. ಅಂಥ ಪ್ರೋಟೀನನ್ನಾಗಲಿ, ಅದು ಮಾಡಿದ ಹಾನಿಯನ್ನಾಗಲಿ ಗುರುತಿಸಬಲ್ಲ ಎರಡನೆಯ ಬಗೆಯ ಗ್ರಾಹಕ ಗಿಡದೊಳಗಿದ್ದರೆ ಆ ಜೀವಕೋಶ ತಾನೇ ಸತ್ತುಬಿಡುತ್ತದೆ. ತುಕ್ಕಿನ ಶಿಲೀಂಧ್ರ ಜೀವಂತ ಕೋಶದಿಂದ ಮಾತ್ರ ಆಹಾರ ಪಡೆಯಬಲ್ಲುದು. ಸತ್ತ ಕೋಶದಲ್ಲಿ ಅದು ಉಪವಾಸ ಬೀಳುತ್ತದೆ. ಒಂದು ಕೋಶದ ಸಾವಿನಿಂದ ಎಲೆ ಉಳಿಯುತ್ತದೆ. ಜೋನ್ಸ್ ಮತ್ತು ಡ್ಯಾಂಗಲ್ ಎಂಬ ವಿದ್ವಾಂಸರು ೨೦೦೬ರಲ್ಲಿ ಈ ಏಣಿಯಾಟವನ್ನು ಒಂದು ಅಂಕುಡೊಂಕಿನ ರೇಖೆಯಾಗಿ ಚಿತ್ರಿಸಿದರು. ಅದು ಇಂದು ಎಲ್ಲ ಪಠ್ಯಗಳಲ್ಲಿಯೂ ಕಾಣುತ್ತದೆ.

ನಿರೋಧ ‘ಮುರಿಯಿತು’ ಎಂಬ ರೂಢಿಯ ಮಾತು ಎಷ್ಟು ತಪ್ಪು ತಿಳಿವಳಿಕೆಗೆ ಎಡೆಗೊಡುತ್ತದೆಂಬುದು ಇದರಿಂದ ವಿಶದವಾಗುತ್ತದೆ. ಗಿಡದಲ್ಲಿ ಮುರಿದದ್ದು ಏನೂ ಇಲ್ಲ. ಕಾವಲುಗಾರ ಇದ್ದಲ್ಲಿಯೇ ಇದ್ದಾನೆ, ಅವನ ಕಣ್ಣೂ ಮೊದಲಿನಂತೆಯೇ ಇದೆ. ಅವನು ಗುರುತು ಹಿಡಿಯುತ್ತಿದ್ದ ವೇಷವನ್ನು ಬಂದವನು ಕಳಚಿಟ್ಟು ಬಂದಿದ್ದಾನೆ. ಆ ಪ್ರೋಟೀನಿನ ವಂಶವಾಹಿಯಲ್ಲಿ ಒಂದು ಆಕಸ್ಮಿಕ ಬದಲಾವಣೆಯಾದರೆ, ಅಥವಾ ಅದು ಬಿದ್ದೇ ಹೋದರೆ, ಸಾಕು. ಆದರೆ ವೇಷ ಕಳಚುವುದೂ ವೆಚ್ಚವಿಲ್ಲದ ಕೆಲಸವಲ್ಲ. ಆ ಪ್ರೋಟೀನು ಶಿಲೀಂಧ್ರಕ್ಕೆ ಉಪಯುಕ್ತವಾದದ್ದೇ ಆಗಿದ್ದರೆ ಅದನ್ನು ಕಳೆದುಕೊಂಡ ಬಗೆ ಉಳಿದವಕ್ಕಿಂತ ದುರ್ಬಲವಾಗಬಹುದು. ಕೆಲವು ನಿರೋಧಾಂಶಗಳು ಬಹುಕಾಲ ಬಾಳುವುದಕ್ಕೂ ಕೆಲವು ಬೇಗನೆ ನಿಷ್ಫಲವಾಗುವುದಕ್ಕೂ ಇದೊಂದು ಕಾರಣ.

ಸೈನ್ಯದ ರೂಪಕದ ನಿಜವಾದ ದೋಷ ಇಲ್ಲಿ ಬಯಲಾಗುತ್ತದೆ. ಯುದ್ಧದಲ್ಲಿ ಎರಡೂ ಪಕ್ಷಗಳಿಗೆ ಉದ್ದೇಶವಿರುತ್ತದೆ, ಸೇನಾಪತಿಯಿರುತ್ತಾನೆ. ಕೆಂಟ್ಸ್ ತಳಿಯನ್ನು ಗೆಲ್ಲಬೇಕೆಂದು ಯಾವ ಬೀಜಕಣವೂ ಸಂಕಲ್ಪಿಸಲಿಲ್ಲ. ಕೆಂಟ್ಸ್ ಗಿಡದ ಮೇಲೆ ಬದುಕಬಲ್ಲ ಬದಲಾವಣೆಯುಳ್ಳ ಒಂದು ಬೀಜಕಣ ಕೂರ್ಗ್ಸ್ ತೋಟದಲ್ಲಿ ಹುಟ್ಟಿದ್ದರೆ ಅದಕ್ಕೆ ನೆರೆಯವುಗಳಿಗಿಂತ ಹೆಚ್ಚಿನ ಲಾಭವೇನೂ ಇರಲಿಲ್ಲ. ಸಾವಿರಾರು ಎಕರೆಗಳಲ್ಲಿ ಕೆಂಟ್ಸ್ ಒಂದನ್ನೇ ನೆಟ್ಟ ಮೇಲೆ ಅದಕ್ಕೆ ಪ್ರತಿಸ್ಪರ್ಧಿಗಳಿಲ್ಲದ ರಾಜ್ಯ ದೊರೆಯಿತು. ಶಿಲೀಂಧ್ರ ಕೆಂಟ್ಸನ್ನು ಗೆದ್ದಿತೆನ್ನುವುದಕ್ಕಿಂತ ಕೆಂಟ್ಸ್ ತೋಟಗಳು ಆ ಶಿಲೀಂಧ್ರವನ್ನು ಆರಿಸಿದವೆನ್ನುವುದು ಸತ್ಯಕ್ಕೆ ಹತ್ತಿರ. ಇಥಿಯೋಪಿಯದ ಕಾಡುಗಳಲ್ಲಿ ಕಾಫಿಯೂ ತುಕ್ಕೂ ಬಹುಕಾಲದಿಂದ ಕೂಡಿಯೇ ಇವೆ. ಬಗೆಬಗೆಯ ಗಿಡಗಳು ಬೆರೆತು ಬೆಳೆಯುವ ಅಲ್ಲಿ ರೋಗ ತೋರುತ್ತದೆ, ಆದರೆ ಸಿಂಹಳದಂತೆ ಉರಿಯುವುದಿಲ್ಲ. ಮೆಕ್‌ಕುಕ್ ಅವರ ಒಂದು ಸೂಕ್ಷ್ಮ ವಿಚಾರವನ್ನು ಇಲ್ಲಿ ನೆನೆಯಬೇಕು: ಕಾಫಿ ಇಥಿಯೋಪಿಯದಿಂದ ಹೊರಬಂದದ್ದು ಯೆಮನಿನ ಒಣ ಹವೆಯ ಮಾರ್ಗವಾಗಿ, ಆ ಹವೆ ತುಕ್ಕನ್ನು ಸೋಸಿ ಹಿಂದೆ ಉಳಿಸಿತು. ಬಾಬಾಬುಡನ್ ಅವರು ತಂದರೆಂದು ಐತಿಹ್ಯ ಹೇಳುವ ಏಳು ಬೀಜಗಳ ಸಂಖ್ಯೆಯನ್ನು ಇತಿಹಾಸಕಾರ ಪ್ರಮಾಣವೆಂದು ಹಿಡಿಯಲಾರ. ಆದರೆ ಕೆಲವೇ ಬೀಜಗಳಿಂದ ದೊಡ್ಡ ಸಂತತಿ ಹಬ್ಬಿತೆಂಬ ಅದರ ತಿರುಳನ್ನು ಇಂದಿನ ವಂಶವಾಹಿ ಪರೀಕ್ಷೆಗಳು ಅಲ್ಲಗಳೆಯುವುದಿಲ್ಲ. ತೋಟಗಳ ಅರೇಬಿಕಾದಲ್ಲಿ ವೈವಿಧ್ಯ ಅತ್ಯಲ್ಪ.

ಗಿಡಕ್ಕೂ ಶಿಲೀಂಧ್ರಕ್ಕೂ ಕಾಲದ ಗತಿಯೇ ಬೇರೆ. ತುಕ್ಕಿನ ಬೀಜಕಣ ಎಲೆಯನ್ನು ಹೊಕ್ಕು ಹೊಸ ಬೀಜಕಣಗಳನ್ನು ಉದುರಿಸಲು ಕೆಲವು ವಾರಗಳು ಸಾಕು. ಒಂದು ಮಳೆಗಾಲದಲ್ಲಿ ಹಲವು ತಲೆಮಾರುಗಳು ಸಂದುಹೋಗುತ್ತವೆ. ಕಾಫಿಯ ಸಸಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಬಂದ ಮೇಲೆ ಹಲವು ದಶಕ ನಿಲ್ಲುತ್ತದೆ. ಗೋಧಿ ಬೆಳೆಯುವ ರೈತ ಮುಂದಿನ ವರ್ಷ ಬೇರೆ ಬೀಜ ಬಿತ್ತಬಹುದು. ತಂದೆ ನೆಟ್ಟ ಕಾಫಿ ತಳಿಯನ್ನು ಮಗ ಕೀಳಬೇಕಾದರೆ ಸಾಲ ಮಾಡಬೇಕು. ‘ನಿರೋಧಕ’ ಎಂಬ ಒಂದು ಪದವನ್ನು ನಂಬಿ ಸಣ್ಣ ಹಿಡುವಳಿದಾರನು ಮಾಡುವ ನಿರ್ಧಾರ ಅವನ ಆಯುಷ್ಯದಷ್ಟು ಉದ್ದ. ಆ ಪದದ ಆಯುಷ್ಯ ಅದಕ್ಕಿಂತ ಕಡಮೆ. ತೇದಿಯನ್ನು ಕುರಿತ ನಮ್ಮ ಆಕ್ಷೇಪಣೆ ಬರಿಯ ಪಂಡಿತರ ತಕರಾರಲ್ಲ.

ಕೆಂಟ್ಸ್ ತಳಿಯ ಅನಂತರದ ಕಥೆಯನ್ನು ನೋಡೋಣ. ಅರೇಬಿಕಾ ಮತ್ತು ಲೈಬೀರಿಕಾಗಳ ನೈಸರ್ಗಿಕ ಸಂಕರವೆಂದು ಭಾವಿಸಲಾದ ಒಂದು ಗಿಡದ ಸಂತತಿಯನ್ನು ಕೆಂಟ್ಸ್ ತಳಿಯೊಡನೆ ಕೂಡಿಸಿ ಬಾಳೆಹೊನ್ನೂರಿನಲ್ಲಿ ಸಿದ್ಧಪಡಿಸಿದ ಎಸ್. ೭೯೫ ತಳಿ ೧೯೪೦ರ ದಶಕದ ಮಧ್ಯದಲ್ಲಿ ತೋಟಗಳಿಗೆ ಬಂದಿತು. ಸಿಂಹಳದಲ್ಲಿ ಸೋತ ಲೈಬೀರಿಕಾದ ಅಂಶ—ಎಸ್‌ಎಚ್ ೩—ಅರೇಬಿಕಾದ ದೇಹದಲ್ಲಿ ಸೇರಿ ಇಲ್ಲಿ ಹಲವು ವರ್ಷ ಕಾದಿತು. ಕಾಲಾನಂತರದಲ್ಲಿ ಅದನ್ನು ದಾಟಬಲ್ಲ ಒಳಬಗೆಗಳೂ ಭಾರತದಲ್ಲಿ ಗುರುತಿಸಲ್ಪಟ್ಟವು. ಆದರೂ ಎಸ್. ೭೯೫ ನಮ್ಮ ತೋಟಗಳನ್ನು ಬಿಟ್ಟುಹೋಗಲಿಲ್ಲ. ಅದರ ಇಳುವರಿಗೂ ಬಟ್ಟಲಿನ ರುಚಿಗೂ ಮನಸೋತ ಬೆಳೆಗಾರರು ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತ ಅದನ್ನು ಉಳಿಸಿಕೊಂಡರು. ತಾಮ್ರ ಶಿಲೀಂಧ್ರದ ಒಂದೇ ವ್ಯಾಪಾರವನ್ನು ತಡೆಯದೆ ಹಲವನ್ನು ಒಮ್ಮೆಗೇ ಕೆಡಿಸುವುದರಿಂದ ೧೮೮೫ರ ಈ ಹಳೆಯ ಔಷಧ ಇಂದಿಗೂ ಸವೆಯದೆ ನಿಂತಿದೆ. ಅತ್ತ ೧೯೨೭ರಲ್ಲಿ ಟಿಮೋರ್ ದ್ವೀಪದಲ್ಲಿ ದೊರೆತ ಅರೇ‌ಬಿಕಾ-ರೊಬಸ್ಟಾಗಳ ನೈಸರ್ಗಿಕ ಸಂಕರದಿಂದ ಹುಟ್ಟಿದ ಕ್ಯಾಟಿಮೋರ್ ತಳಿಗಳು ಜಗತ್ತಿನಲ್ಲೆಲ್ಲ ಹರಡಿದವು. ನಮ್ಮಲ್ಲಿ ಅದು ‘ಕಾವೇರಿ’ ಎಂಬ ಹೆಸರಿನಿಂದ ೧೯೮೦ರ ದಶಕದಲ್ಲಿ ಬಂದಿತು. ಅದರ ನಿರೋಧವೂ ಉಳಿಯಲಿಲ್ಲ. ೨೦೦೭ರಲ್ಲಿ ‘ಚಂದ್ರಗಿರಿ’ ಬಂದಿತು. ಹೊಂಡುರಾಸಿನಲ್ಲಿ ನಂಬಿ ನೆಟ್ಟಿದ್ದ ‘ಲೆಂಪಿರಾ’ ೨೦೧೭ರಲ್ಲಿ ತುಕ್ಕಿಗೆ ಈಡಾದುದು ಪ್ರಕಟವಾಯಿತು. ಕೊಲಂಬಿಯದವರು ಮಾತ್ರ ಕೊಂಚ ಬೇರೆ ದಾರಿ ಹಿಡಿದರು. ತುಕ್ಕು ಅಲ್ಲಿಗೆ ಬಂದದ್ದು ೧೯೮೩ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಅವರು ಒಂದೇ ಸಾಲಿನ ಬೀಜವನ್ನಲ್ಲದೆ, ನೋಡಲು ಒಂದೇ ತೆರನಾದ, ಆದರೆ ನಿರೋಧಾಂಶದಲ್ಲಿ ಬೇರೆ ಬೇರೆಯಾದ ಹಲವು ಸಾಲುಗಳ ಮಿಶ್ರಣವನ್ನು ಒಂದೇ ಹೆಸರಿನಲ್ಲಿ ಕೊಟ್ಟರು. ತೋಟದಲ್ಲಿ ಕಾಡಿನ ಬೆರಕೆಯನ್ನು ಅಷ್ಟುಮಟ್ಟಿಗೆ ಅನುಕರಿಸಿದಂತಾಯಿತು.

ದಕ್ಷಿಣ ಆಫ್ರಿಕದ ವಾನ್ ಡರ್ ಪ್ಲಾಂಕ್ ಅವರು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಾಡಿದ ಒಂದು ವಿಭಾಗವನ್ನು ಚರಿತ್ರೆ ಬರೆಯುವವರು ಇಷ್ಟರಲ್ಲಿಯೇ ಬಳಸಿಕೊಳ್ಳಬೇಕಾಗಿತ್ತು. ಕೆಲವು ಒಳಬಗೆಗಳನ್ನು ಪೂರ್ತಿ ತಡೆದು ಉಳಿದವಕ್ಕೆ ಬಾಗಿಲು ತೆರೆದಿಡುವ ನಿರೋಧ ಒಂದು ಬಗೆ. ಎಲ್ಲವನ್ನೂ ಒಂದಿಷ್ಟು ನಿಧಾನಗೊಳಿಸುವ, ಕಣ್ಣಿಗೆ ಹೊಡೆಯದ ನಿರೋಧ ಇನ್ನೊಂದು. ಮೊದಲನೆಯದು ಗಟ್ಟಿಯಾಗಿದ್ದಷ್ಟು ಕಾಲ ಎರಡನೆಯದಿದೆಯೋ ಇಲ್ಲವೋ ತಳಿ ಬೆಳೆಸುವವನಿಗೆ ಕಾಣುವುದಿಲ್ಲ. ಗಮನಿಸದೆ ಆರಿಸುತ್ತ ಹೋದಂತೆ ಅದು ಕಳೆದುಹೋಗುತ್ತದೆ. ವರ್ಟಿಫೋಲಿಯಾ ಎಂಬ ಆಲೂಗೆಡ್ಡೆ ತಳಿಯಲ್ಲಿ ಹಾಗಾದುದನ್ನು ಅವರು ತೋರಿಸಿ, ಆ ತಳಿಯ ಹೆಸರಿನಿಂದಲೇ ಈ ವಿದ್ಯಮಾನವನ್ನು ಕರೆದರು. ಚಿಕ್ಸ್, ಕೂರ್ಗ್ಸ್ ಮುಂತಾದ ಹಳೆಯ ತಳಿಗಳನ್ನು ‘ರೋಗಕ್ಕೆ ತುತ್ತಾದವು’ ಎಂಬ ಒಂದೇ ಪದದಿಂದ ಅಳೆದುಬಿಟ್ಟ ಚರಿತ್ರೆಗಳಲ್ಲಿ, ಅವು ಎಷ್ಟು ವರ್ಷ, ಎಷ್ಟು ಎಲೆಯುದುರಿಸಿಕೊಂಡು ಫಸಲು ಕೊಟ್ಟವೆಂಬ ಪ್ರಶ್ನೆ ಏಳುವುದೇ ಇಲ್ಲ.

ನಮ್ಮ ವಾದವನ್ನು ಅತಿಯಾಗಿ ಎಳೆದು, ತುಕ್ಕಿನ ಪ್ರತಿಯೊಂದು ಉರಿಗೂ ಹೊಸ ಒಳಬಗೆಯೇ ಕಾರಣವೆಂದು ಹೇಳಹೊರಟರೆ ಅದೂ ಪ್ರಮಾದವೇ. ಮಧ್ಯ ಅಮೆರಿಕದಲ್ಲಿ ೨೦೧೨-೧೩ರಲ್ಲಿ ತುಕ್ಕು ಲಕ್ಷಗಟ್ಟಲೆ ಕುಟುಂಬಗಳ ಕೂಲಿಯನ್ನು ಕಸಿದುಕೊಂಡಿತು. ಅದನ್ನು ಪರಿಶೀಲಿಸಿದ ವಿದ್ವಾಂಸರು ಪ್ರಧಾನ ಕಾರಣಗಳಾಗಿ ಹೇಳಿದ್ದು ಹವೆಯ ವ್ಯತ್ಯಾಸವನ್ನು ಮತ್ತು ಕಾಫಿಯ ಬೆಲೆ ಇಳಿದು ಗೊಬ್ಬರ, ಔಷಧಗಳಿಗೆ ಹಣ ಸಾಲದೆ ಹೋದದ್ದನ್ನು. ಸಿಂಹಳದ ೧೮೮೪ರ ಬ್ಯಾಂಕಿನ ಪ್ರಸಂಗಕ್ಕೂ ಇದಕ್ಕೂ ಇರುವ ಹೋಲಿಕೆ ಕಡೆಗಣಿಸತಕ್ಕದ್ದಲ್ಲ. ಬೆಲೆಯ ಪಟ್ಟಿಯನ್ನು ಬದಿಗಿಟ್ಟು ವಂಶವಾಹಿಯ ಪಟ್ಟಿಯನ್ನು ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ಎರಡನ್ನೂ ಒಂದೇ ಕಾಲಮಾನದ ಮೇಲಿಟ್ಟು ನೋಡಬೇಕೆನ್ನುತ್ತಿದ್ದೇವೆ.

ಇದು ಸಸ್ಯವಿಜ್ಞಾನಿಯ ಕೆಲಸ, ಇತಿಹಾಸಕಾರನಿಗೆ ಇದರ ಗೊಡವೆಯೇಕೆ ಎಂಬ ಆಕ್ಷೇಪಣೆ ಬರಬಹುದು. ಶಿಲೀಂಧ್ರದ ಕಡೆಯ ವಿಕಾಸ ತೋಟದಲ್ಲಿ, ಯಾರ ಅಪ್ಪಣೆಗೂ ಕಾಯದೆ ನಡೆಯುತ್ತದೆ, ನಿಜ. ಆದರೆ ಬೆಳೆಯ ಕಡೆಯ ವಿಕಾಸ ನಡೆಯುವುದು ಎಲ್ಲಿ? ಕಾಡಿನ ಗಿಡ ತಾನೇ ಬೀಜ ಉದುರಿಸಿ, ಸೋತದ್ದು ಅಳಿದು, ಗೆದ್ದದ್ದು ಉಳಿಯುತ್ತದೆ. ತೋಟದ ಗಿಡಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದರ ಮುಂದಿನ ತಲೆಮಾರನ್ನು ನಿಶ್ಚಯಿಸುವುದು ಪ್ರಯೋಗಶಾಲೆಯ ಸಂಕರದ ದಫ್ತರು, ಸರ್ಕಾರದ ಆಜ್ಞೆ, ಬೀಜದ ಹಂಚಿಕೆ, ಸಾಲದ ಷರತ್ತು, ನೆರೆಯ ತೋಟದವನ ಮಾತು. ಗಿಡದ ಪಕ್ಷದ ವಿಕಾಸ ಕಡತಗಳ ಮೂಲಕ ಸಾಗುತ್ತದೆ. ಕಡತಗಳನ್ನು ಓದುವುದು ನಮ್ಮ ಕಸಬು.

ಮೆಕ್‌ಕುಕ್ ಅವರ ಗ್ರಂಥ ಲಾರ್ಜ್ ಅವರ ದೋಷಕ್ಕೆ ಗುರಿಯಾಗಿಲ್ಲ. ತುಕ್ಕು ಒಮ್ಮೆ ಬಂದು ಹೋದ ವಿಪತ್ತಲ್ಲ, ಕಾಫಿಯೊಡನೆ ಉಳಿದುಬಿಟ್ಟ ಸಹವಾಸಿ ಎಂಬುದು ಅದರ ಹೆಸರಿನಿಂದಲೇ ಧ್ವನಿತವಾಗುತ್ತದೆ. ಆದರೆ ಅದು ಜಗತ್ತಿನ ಚರಿತ್ರೆ. ಒಂದೊಂದು ಸೀಮೆಗೆ ಅಲ್ಲಿ ಸಿಕ್ಕುವ ಪುಟಗಳು ಮಿತವಾದುವೇ. ಉಳಿದದ್ದು ಆಯಾ ಸೀಮೆಯವರ ಪಾಲಿಗೆ ಬಿಟ್ಟ ಕೆಲಸ. ಮಲೆನಾಡಿನ ತೋಟಗಳ ಲೆಕ್ಕದ ಪುಸ್ತಕಗಳಲ್ಲಿ ಯಾವ ತುಂಡಿನಲ್ಲಿ ಯಾವ ತಳಿ ನೆಟ್ಟರು, ಎಂದು ನೆಟ್ಟರು, ಯಾವ ವರ್ಷ ಎಷ್ಟು ಮೈಲುತುತ್ತ ತರಿಸಿದರು ಎಂಬ ಬಗೆಯ ನಮೂದುಗಳಿರುತ್ತವೆ. ರಾಜಕೀಯ ಚರಿತ್ರೆಗೆ ನಿಷ್ಪ್ರಯೋಜಕವೆನಿಸುವ ಈ ಪುಸ್ತಕಗಳನ್ನು ಗೆದ್ದಲಿಗೆ ಬಿಡುವುದು ವಾಡಿಕೆ. ಮೈಲುತುತ್ತದ ಖರೀದಿ ಒಂದು ತುಂಡಿಗೆ ಇದ್ದಕ್ಕಿದ್ದಂತೆ ಏರಿದ ವರ್ಷ ಆ ತಳಿಯ ಕಥೆಯಲ್ಲಿ ವಿಚಾರಿಸತಕ್ಕ ವರ್ಷ. ಬೆಲೆ ಇಳಿದಿದ್ದ ಕಾಲದಲ್ಲಿಯೂ ಆ ಖರೀದಿ ಏರಿದ್ದರೆ ಹೊಸ ಒಳಬಗೆಯ ಶಂಕೆಗೆ ಎಡೆಯುಂಟು.

ನಮ್ಮ ವಿದ್ಯಾರ್ಥಿಗಳು ಲಾರ್ಜ್ ಅವರ ಗ್ರಂಥವನ್ನು ಓದುವಾಗ ಪಕ್ಕದಲ್ಲಿ ಒಂದು ಹಾಳೆಯನ್ನಿಟ್ಟುಕೊಂಡು ಮೂರು ಅಂಕಣಗಳನ್ನು ಎಳೆದುಕೊಳ್ಳಲಿ: ತಳಿ, ಅದನ್ನು ವ್ಯಾಪಕವಾಗಿ ನೆಟ್ಟ ಕಾಲ, ಅದರ ಮೇಲೆ ತುಕ್ಕು ಹತ್ತಿದ ಕಾಲ. ಸಿಂಹಳದ ಲೈಬೀರಿಕಾಗೆ ಎರಡನೆಯ ಅಂಕಣ ತುಂಬುತ್ತದೆ, ಮೂರನೆಯದಕ್ಕೆ ಹಳೆಯ ವರದಿಗಳನ್ನು ತಡಕಬೇಕು. ಕೆಂಟ್ಸ್ ಎದುರಿಗೆ ೧೯೧೧, ೧೯೨೦ರ ದಶಕ, ೧೯೩೨ರ ಟಿಪ್ಪಣಿ ಎಂದು ಬರೆಯಬಹುದು. ಎಸ್. ೭೯೫ರ ಸಾಲಿಗೆ ಬಂದಾಗ ಮೂರನೆಯ ಅಂಕಣದಲ್ಲಿ ಒಂದು ತೇದಿ ಸಾಲದು. ತೋಟ ತೋಟಕ್ಕೂ ಬೇರೆಯಾದದ್ದನ್ನು ಬರೆಯಬೇಕಾಗುತ್ತದೆ.